ಉಪ್ಪಿನ ಬಾಗಿಲು

ಹಸಿರು ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು, ಆಚೆ ಯಾರದೋ ಮೊಣಕೈ ತಗುಲಿರಬೇಕು, ಎದೆಗೆ ಅಡ್ಡವಾಗಿ ಕಟ್ಟಿದ ಈ ಬಟ್ಟೆಯ ಈಚೆ ನಾನು, ಆಚೆ ನನ್ನದೇ ಹೊಟ್ಟೆ, ನನ್ನದೇ ಕಾಲು — ಕಾಲು ಇವೆಯೋ ಇಲ್ಲವೋ, ಬೆನ್ನಿಗೆ ಸೂಜಿ ಇಳಿಸಿದ ಮೇಲೆ ಬೆಚ್ಚಗೆ ಕರಗಿಹೋದವು. ಎಲ್ಲಿ, ಕಾಲು ಎತ್ತಿ ನೋಡೋಣ, ತಲೆಯ ಹತ್ತಿರ ಕೂತ ಅರಿವಳಿಕೆ ಡಾಕ್ಟರು ಕೇಳಿದ್ದರು, ಎತ್ತಿದೆ ಅಂದುಕೊಂಡೆ, ಅವರು ನಕ್ಕರು, ಸರಿ ಬಿಡಿ, ಚೆನ್ನಾಗಿ ಹಿಡಿದಿದೆ. ಏನು ಹಿಡಿದಿದೆ ಎಂದು ನನಗೆ ಗೊತ್ತಿಲ್ಲವೇ, ಕಾಲೇಜಿನಲ್ಲಿ ಮಕ್ಕಳ ತಲೆ ತಿನ್ನುವುದೇ ಇದನ್ನು ಹೇಳಿ, ನರದ ಪೊರೆಯಲ್ಲಿ ಅಲ್ಲಲ್ಲಿ ಕೂತ ಪ್ರೋಟೀನುಗಳು, ಉಪ್ಪಿನ ಬಾಗಿಲುಗಳು, ಸೋಡಿಯಂ ಒಳನುಗ್ಗಿದರೆ ತಾನೇ ನೋವಿನ ಸುದ್ದಿ ಮೇಲಕ್ಕೆ ಓಡುವುದು, ಔಷಧಿ ಹೋಗಿ ಬಾಗಿಲಿಗೇ ಅಡ್ಡ ಕೂತಿದೆ, ಹೊಟ್ಟೆ ಕೊಯ್ಯುತ್ತಿದ್ದಾರೆ, ನಾನು ತೇಲುತ್ತಿದ್ದೇನೆ. ಪೊರೆ ಅಂದರೆ ಗೋಡೆ ಅಲ್ಲ ಕಣ್ರೋ, ನಿಂತಲ್ಲಿ ನಿಲ್ಲದೆ ಎಣ್ಣೆಯ ಹಾಗೆ ಹರಿದಾಡುತ್ತದೆ, ಕಪ್ಪು ಹಲಗೆಯ ಮೇಲೆ ಪೊರೆಯ ಕೊಬ್ಬಿನ ಕಣ, ಒಂದು ತಲೆ, ಎರಡು ಬಾಲ, ತಲೆಗೆ ನೀರು ಬೇಕು, ಬಾಲಕ್ಕೆ ನೀರು ಕಂಡರಾಗದು, ಅದಕ್ಕೇ ಎರಡು ಸಾಲು, ಬಾಲಗಳು ಒಳಗೆ — ನಮ್ಮನೇಲೂ ಹಂಗೇ ಮೇಡಂ, ಅಪ್ಪ ಅಮ್ಮ ಬೆನ್ನಿಗೆ ಬೆನ್ನು ಹಾಕಿ ಮಲಗ್ತಾರೆ — ಹಿಂದಿನ ಬೆಂಚಿನ ತರಲೆ, ತರಗತಿಯೆಲ್ಲ ನಕ್ಕಿತು, ನಾನೂ.

ಹೋದ ಸಲದ ಬಟ್ಟೆಯ ಬಣ್ಣ ನೆನಪಿಲ್ಲ, ಸದ್ದಿಲ್ಲದಿದ್ದದ್ದು ನೆನಪಿದೆ, ತಿಂಗಳು ತುಂಬದೆ ಬಂದ ಗಂಡುಮಗು ಅಳಲಿಲ್ಲ, ಎಲ್ಲರ ಕೈ ಓಡುತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ, ಆಮೇಲೆ ಬಿಳಿ ಟವೆಲಿನಲ್ಲಿ ಸುತ್ತಿ ತಂದರು, ಹೊರಗೆ ಉಳಿದದ್ದು ಒಂದು ನೀಲಿ ಪಾದ, ಮುಟ್ಟಿದೆ, ಅದು ಅಲುಗಲಿಲ್ಲ. ಶ್ವಾಸಕೋಶದ ನೀರು ಹಾಗೇ ನಿಂತುಬಿಟ್ಟಿತ್ತಮ್ಮ, ಅಂದರು ಡಾಕ್ಟರು. ಗೊತ್ತು, ಒಡಲಲ್ಲಿರುವ ತನಕ ಮಗುವಿನ ಶ್ವಾಸಕೋಶದಲ್ಲಿ ಬರೀ ನೀರು, ಹುಟ್ಟುವ ಹೊತ್ತಿಗೆ ಅಲ್ಲಿನ ಪೊರೆಗಳಲ್ಲೂ ಉಪ್ಪಿನ ಬಾಗಿಲು ತೆರೆಯಬೇಕು, ಉಪ್ಪು ಹೋದರೆ ಅದರ ಬೆನ್ನು ಹಿಡಿದು ನೀರೂ ಹೋಗುತ್ತದೆ, ಆಗ ಗಾಳಿ, ಆಗ ಅಳು. ಆ ವರ್ಷ ಆ ಪುಟ ಬಿಟ್ಟು ಮುಂದೆ ಹೋದೆ, ಯಾರೂ ಯಾಕೆಂದು ಕೇಳಲಿಲ್ಲ, ಆ ತರಲೆ ಕೂಡ.

ಇದೂ ಬೇಗ ಬರುತ್ತಿದೆ. ಈ ಸಲ ಮಗುವಿನ ಶ್ವಾಸಕೋಶ ಬಲಿಯಲೆಂದು ನನಗೆ ಮೊದಲೇ ಇಂಜೆಕ್ಷನ್ ಕೊಟ್ಟಿದ್ದಾರೆ, ಆ ಔಷಧಿಗೆ ಬಾಗಿಲೇ ಬೇಡ, ಕೊಬ್ಬಿಗೆ ಕೊಬ್ಬು ನಂಟು, ಪೊರೆಯಲ್ಲೇ ನುಸುಳಿ ಒಳಗೆ ಹೋಗಿ ಇನ್ನಷ್ಟು ಬಾಗಿಲು ಮಾಡಿಸುತ್ತದೆ, ಮಾಡಿಸಿದೆಯೋ ಇಲ್ಲವೋ, ಯಾರನ್ನು ಕೇಳಲಿ, ನೀನು ಸುಮ್ನೆ ಮಲ್ಕೋ, ಡಾಕ್ಟ್ರಿಗೆ ಪಾಠ ಮಾಡ್ಬೇಡ, ಅಕ್ಕ ಹೊರಗೇ ತಾಕೀತು ಮಾಡಿ ಕಳಿಸಿದ್ದಾಳೆ, ಅವಳ ಅಂಗೈ ಬೆವತಿತ್ತು. ನನಗೆ ಭಯವಾಗುತ್ತಿದೆ ಅಕ್ಕಾ. ನನ್ನ ಬೆನ್ನಿನ ಬಾಗಿಲು ಮುಚ್ಚಿರಲಿ, ಬೇಕಾದರೆ ಎಂದೂ ತೆರೆಯದಿರಲಿ, ಇದರ ಎದೆಯದು ತೆರೆಯಲಿ. ಈಗ ಸ್ವಲ್ಪ ಒತ್ತಿದ ಹಾಗಾಗುತ್ತೆ, ಹೆದರ್ಬೇಡಿ. ಒತ್ತಿತು, ನಾನು ಪೂರ್ತಿ ಅಲುಗಿದೆ, ಹಸಿರು ಬಟ್ಟೆ ಉಬ್ಬಿತು, ಇಳಿಯಿತು, ಸದ್ದಿಲ್ಲ, ಕೈಗಳು ಓಡುತ್ತಿವೆ, ಸದ್ದಿಲ್ಲ, ಯಾರಾದರೂ ಮಾತಾಡಿ, ತಲೆಯೊಂದು ಬಾಲವೆರಡು, ತಲೆಗೆ ನೀರು ಬೇಕು, ನೀರು ಬೇಡ, ನೀರು ಹೋಗಲಿ, ಹೋಗು — ಬೆಕ್ಕಿನ ಮರಿಯ ಹಾಗೆ ಏನೋ, ಸಣ್ಣಗೆ, ನಿಂತಿತು, ಮತ್ತೆ, ಈಗ ಜೋರಾಗಿ, ಅಳು, ಇದು ಅಳು, ಹೆಣ್ಣುಮಗು ಅಮ್ಮಾ, ನೋಡ್ಕೊಳ್ಳಿ, ಬಟ್ಟೆಯ ಅಂಚಿನ ಮೇಲೆ ಒದ್ದೆ ಪಾದ, ನೀಲಿ, ಪಾದ ಸ್ವಲ್ಪ ಹೊತ್ತು ಹಂಗೇ ಇರುತ್ತೆ, ಗಾಬರಿ ಬೇಡ, ನೀಲಿ ಪಾದ, ಬಟ್ಟೆಯನ್ನು ಒದೆಯಿತು, ನೀಲಿ ಪಾದ, ಒದೆಯುತ್ತಿದೆ, ಒದೆಯುತ್ತಿದೆ