ಬಿಚ್ಚಿದ ಗುಳಿಗೆಗಳು

ಸೋಮವಾರ ಬೆಳಿಗ್ಗೆ ಲಿಂಗಪೂಜೆಗೆ ಕುಳಿತಿದ್ದಾಗ ಫೋನು ಮೂರು ಸಲ ರಿಂಗಣಿಸಿತು. ಪೂಜೆಯ ನಡುವೆ ಏಳುವ ರೂಢಿ ನನಗಿಲ್ಲ. ಲಿಂಗವನ್ನು ಕರಡಿಗೆಯಲ್ಲಿಟ್ಟ ಮೇಲೆ ಫೋನು ಎತ್ತಿದೆ. ಕಲಬುರಗಿಯ ಆಸ್ಪತ್ರೆಯಿಂದ ಸೊಸೆ ಶಿವಗಂಗಾ.

"ದಾನೇಶ್ವರಿ ಹೋದಳ್ರಿ, ಮಾವಾರ. ಮುತ್ಯಾನ ಜೋಡಿ ಮಾತಾಡ್ತೀನಂದ್ಳು. ನೀವು ಎತ್ತಲಿಲ್ಲ."

ದಾನೇಶ್ವರಿ ಶಿವಗಂಗಾಳ ಮಗಳು, ನನ್ನ ಮೊಮ್ಮಗಳು. ಇಪ್ಪತ್ಮೂರು ವರ್ಷ. ಎರಡು ವರ್ಷದಿಂದ ಕರುಳಿನಲ್ಲಿ ಹುಣ್ಣು, ರಕ್ತ. ಕೊನೆಗೆ ಕರುಳು ತೂತುಬಿದ್ದಿತು.

ಐದು ತಿಂಗಳ ಹಿಂದೆ ಹೊಸ ಗುಳಿಗೆ ಬರೆದುಕೊಡುವಾಗ ಆಸ್ಪತ್ರೆಯ ಡಾಕ್ಟರಮ್ಮ ತಿಳಿಸಿ ಹೇಳಿದ್ದರು. "ರೋಗದ ಜೋಡಿ ಕಾದಾಡೋ ಕಣ ಎಲ್ಲಾರ ಕರುಳಾಗೂ ಇರ್ತಾವ್ರಿ. ಕೆಲಸ ಮುಗೀತಂದ್ರ ಸಾಯಬೇಕು. ಇಕಿ ಕರುಳಾಗ ಅವು ಸಾಯವಲ್ಲವು. ಕಾಯೋ ಮನಿನೇ ತಿನ್ನಲಿಕತ್ತಾವ. ಈ ಗುಳಿಗಿ ಕರುಳಿಗೆ ಮುಟ್ಟಿ ಅವನ್ನ ಸಾಯಿಸ್ತದ."

ಶಿವಗಂಗಾ ದಿನವೂ ಚಿಂಚೋಳಿಯ ಕಚೇರಿಗೆ ಹೋಗುವವಳು. ಗುಳಿಗೆ ಕೊಡುವ ಕೆಲಸ ನನ್ನದಾಯಿತು. ಸುಲೇಪೇಟದ ಔಷಧದಂಗಡಿಯ ಶೌಕತ ಅಲಿಯನ್ನು ಕೇಳಿದೆ: ಈ ಗುಳಿಗೆಯ ಮೇಲಿನ ಕೆಂಪು ಸಿಪ್ಪೆ ಯಾತರದು?

"ಸುಳ್ಳು ಹೇಳಂಗಿಲ್ರಿ ಮಾಸ್ತರ, ಎಲುಬು ತೊಗಲು ಕುದಿಸಿ ಮಾಡಿದ್ದು. ಆದ್ರ ಬಿಚ್ಚಬ್ಯಾಡ್ರಿ. ಇಡೀನೇ ನುಂಗಬೇಕು."

ಎರಡು ಮಾತನ್ನೂ ಕೇಳಿಸಿಕೊಂಡೆ. ಒಂದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಂಡೆ.

ಅಂದಿನಿಂದ ಸಿಪ್ಪೆ ಬಿಚ್ಚಿ, ಒಳಗಿನ ಸಣ್ಣ ಕಾಳುಗಳನ್ನು ಸಾಣೆಕಲ್ಲಿನ ಮೇಲೆ ನುಣ್ಣಗೆ ಅರೆದು, ಜೇನಿನಲ್ಲಿ ಕಲಸಿ ಕೊಟ್ಟೆ. ದಾನೇಶ್ವರಿ ಮುಖ ಕಿವುಚಿದಳು.

"ಕಹಿ ವಿಷ ಆಗ್ಯಾದ, ಮುತ್ಯಾ. ಹಂಗೇ ನುಂಗಿದ್ರ ಏನಾಗ್ತದ?"

"ಕೊರಳಾಗ ಲಿಂಗ ಅದವ್ವಾ. ಅದೇ ಕೊರಳಾಗ ಎಲುಬು ಇಳಿಸ್ತಿ?"

"ಲಿಂಗ ಏನು ಇಣುಕಿ ನೋಡ್ತದೇನು?" ಎಂದು ನಕ್ಕಳು. ನಾನು ನಗಲಿಲ್ಲ. ನನ್ನ ಮುಖ ನೋಡಿ ಬೆರಳು ನೆಕ್ಕಿದಳು. ಹೀಗೆ ಐದು ತಿಂಗಳು. ಮೈ ಇಳಿಯುತ್ತ ಹೋಯಿತು. ಔಷಧ ತಪ್ಪಿಲ್ಲವಲ್ಲ ಎಂದು ಡಾಕ್ಟರಮ್ಮ ಕೇಳಿದಾಗ, ಒಂದು ದಿನವೂ ಇಲ್ಲ ಎಂದು ಅಭಿಮಾನದಿಂದಲೇ ಹೇಳಿದೆ.

ಸಮಾಧಿಯಾದ ಮೂರನೆಯ ದಿನ ನನ್ನ ಹೆಂಡತಿ ನೀಲಾಬಾಯಿ ಹಿತ್ತಲ ಗೂಡಿನಿಂದ ಡಬ್ಬಿಯೊಂದನ್ನು ತಂದು ಎಲ್ಲರೆದುರು ಸುರಿದಳು. ಎಲುಬನ್ನು ಅಂಗಳದಲ್ಲಿ ಚೆಲ್ಲಬಾರದೆಂದು ನಾನೇ ಕೂಡಿಟ್ಟ ಸಿಪ್ಪೆಗಳು.

ಶಿವಗಂಗಾ ಅಲ್ಲಿಯೇ ಡಾಕ್ಟರಮ್ಮನಿಗೆ ಫೋನು ಮಾಡಿದಳು. ದನಿ ಎಲ್ಲರಿಗೂ ಕೇಳಿಸಿತು.

"ಅರೆದು ಕೊಟ್ರೇನು? ಕಾಳಿನ ಮ್ಯಾಲ ಲೇಪ ಇರ್ತದ್ರಿ, ಕರುಳು ಮುಟ್ಟೋತನಕ ಕರಗಬಾರದಂತ. ಅರೆದ್ರ ಮ್ಯಾಲ ಹೊಟ್ಟ್ಯಾಗೇ ಕರಗಿ ಹೋಗ್ತದ. ಹುಣ್ಣಿಗೆ ಏನೂ ಮುಟ್ಟಿಲ್ಲ."

"ನಿಮ್ಮ ನೇಮ ಉಳೀತು ನೋಡ್ರಿ," ಎಂದಳು ನೀಲಾಬಾಯಿ.

ಶಿವಗಂಗಾ ಅಳಲಿಲ್ಲ. ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ತುಂಬಿ ನನ್ನ ಪೂಜೆಯ ಮಣೆಯ ಮೇಲಿಟ್ಟಳು.

"ಸಾಯಬೇಕಾದವು ಸಾಯಲಿಲ್ಲ. ನಿಮಗ ಎಂಬತ್ತೊಂದಲ್ರೀ, ಮಾವಾರ?"

ಡಬ್ಬಿ ಈಗಲೂ ಅಲ್ಲಿಯೇ ಇದೆ. ಅದರ ಎದುರಿಗೆ ಕುಳಿತೇ ದಿನವೂ ಅಂಗೈಯಲ್ಲಿ ಲಿಂಗ ಹಿಡಿಯುತ್ತೇನೆ.

ತಂದೆಯೇ, ನನಗಾಗಿ ಏನನ್ನೂ ಬೇಡುವುದಿಲ್ಲ. ಆ ಮಗುವಿನ ಒಡಲ ಉರಿ ಆರಲಿ. ನಿನ್ನ ಮಡಿಲಲ್ಲಿ ಅವಳು ನೋವಿಲ್ಲದೆ ತಣ್ಣಗಿರಲಿ.