ಗಾಜು ಏರಿಸಿದ ಕಾರು

ಸಾಂಬ್ರಾಣಿಯ ವಾಸನೆ, ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುತ್ತದೆ, ಚೆಲ್ಲತ್ತುರೈ ಅಣ್ಣನ ಟ್ಯಾಕ್ಸಿ ಎಂದರೆ ಇದೇ, ಮುಂದಿನ ಗಾಜಿನ ಬುಡದಲ್ಲಿ ಮುರುಗನ ಪಟ, ಪಟದ ಮುಂದೆ ಊದುಬತ್ತಿ, ತುದಿಯಲ್ಲಿ ಕೆಂಪು ಚುಕ್ಕಿ ಇನ್ನೂ ಆರಿಲ್ಲ — ಬತ್ತಿ ಹಚ್ಚದೆ ಸ್ಟೀರಿಂಗ್ ಮುಟ್ಟಿದವನೇ ಅಲ್ಲ, ಯುದ್ಧದಲ್ಲಿ ಪೆಟ್ರೋಲ್ ಸಿಗದೆ ಸೀಮೆಎಣ್ಣೆ ಸುರಿದು ಜಾಫ್ನಾ ತುಂಬ ಕಾರು ಓಡಿಸುವಾಗಲೂ ಹಚ್ಚುತ್ತಿದ್ದ, ಹುಚ್ಚ — ಅರುಳಪ್ಪು, ಮಧ್ಯಾಹ್ನ ಮಗಳನ್ನ ಆಸ್ಪತ್ರೆಯಿಂದ ಕರ್ಕೊಂಡ್ ಬರ್ಬೇಕು ಕಣೋ, ಅವಳ ಹಸಿ ಕೂಸು, ಈ ಬಿಸಿಲಿಗೆ ಬಾಡಿಹೋಗತ್ತೆ, ಏಸಿಗೆ ಏನಾದ್ರೂ ತುಂಬಿ ತಣ್ಣಗೆ ಮಾಡ್ಕೊಡು ಅಂದ. ಏನಾದರೂ ತುಂಬು ಅಂದರೆ ಮುಗಿಯಿತೇ, ಈ ಕಾರು ಹುಟ್ಟಿದಾಗಿನ ಗ್ಯಾಸು ಈಗ ಎಲ್ಲೂ ಸಿಗುವುದಿಲ್ಲ, ಹೊಸ ಗ್ಯಾಸಿಗೂ ಹಳೇ ಎಣ್ಣೆಗೂ ಆಗಿಬರುವುದಿಲ್ಲ, ಎಣ್ಣೆ ಬದಲಿಸಬೇಕು, ಕೊಳವೆ ಸಂದಿಗೆ ಹಾಕುವ ರಬ್ಬರ್ ಬಳೆಗಳು ಕೊಲಂಬೊದಿಂದ ಬರಬೇಕು, ಸುಮ್ಮನೆ ತುಂಬಿದರೆ ಕಂಪ್ರೆಸರ್ ಒಣಗಿ ಸ್ವಲ್ಪ ದಿನಕ್ಕೇ ಕಚ್ಚಿಕೊಳ್ಳುತ್ತದೆ, ಉಳಿದದ್ದು ಆ ಉರಿಯುವ ಗ್ಯಾಸು, ಅಡುಗೆ ಗ್ಯಾಸಿನ ತಮ್ಮ, ಹಳೇ ಎಣ್ಣೆಗೆ ಒಗ್ಗುತ್ತದೆ, ಹಲ್ಲು ಕಟಕಟ ಅನ್ನುವಷ್ಟು ತಂಪು — ಆದರೆ ಗಾಳಿ ತುಂಬಿ, ಸೋಪಿನ ನೊರೆ ಹಚ್ಚಿ ನೋಡಿದೆನಲ್ಲ, ಡ್ಯಾಶ್‌ಬೋರ್ಡಿನ ಹಿಂದಿನ ಕೊಳವೆಯಲ್ಲಿ ಸಣ್ಣಗೆ ಗುಳ್ಳೆ ಏಳುತ್ತಿತ್ತು, ಸೋರಿದರೆ ಕಾರಿನ ಒಳಗೇ ಸೋರುವುದು, ತಂಪಿಗೆಂದು ಗಾಜೆಲ್ಲ ಏರಿಸಿರುತ್ತಾರೆ, ಮುಂದೆ ಆ ಕೆಂಪು ಚುಕ್ಕಿ.

ಅಣ್ಣ, ಆ ಗ್ಯಾಸ್ ನಾನು ಹಾಕಲ್ಲ, ಬೇರೆ ಎಲ್ಲಾದ್ರೂ ಹಾಕಿಸ್ಕೊಂಡ್ರೂ ಒಳಗೆ ಬತ್ತಿ ಹಚ್ಬೇಡ — ಇಷ್ಟೇ ಅಂದದ್ದು, ಅವನ ಮುಖ ಕಪ್ಪಿಟ್ಟಿತು, ಮೊಮ್ಮಗು ಮನೆಗೆ ಬರೋ ದಿನ ಮುರುಗನಿಗೆ ಬತ್ತಿ ಬೇಡ ಅಂತೀಯೇನೋ, ನಿಮ್ಮ ಇಗರ್ಜಿ ಮೇಣದಬತ್ತಿಯಲ್ಲಿ ಬೆಂಕಿ ಇಲ್ವಾ, ದೇವರ ವಿಷಯ ಅಲ್ಲ ಅಣ್ಣ, ಗ್ಯಾಸಿನ ವಿಷಯ ಅಂದೆ, ಸಾಕು ಮುಚ್ಚೋ, ಶೆಲ್ ಬೀಳುವಾಗ ನಿನ್ನಪ್ಪ ನನ್ನ ಪಕ್ಕದಲ್ಲೇ ಕೂತು ಮುರುಗಾ ಮುರುಗಾ ಅಂತಿದ್ದ, ಆಗ ನನ್ನ ದೇವರು ಬೇಕಿತ್ತು ನಿಮಗೆ. ಹೊರಟೇಹೋದ, ಎದುರಿನ ಏಸಿ ಅಂಗಡಿಗೆ, ಅಲ್ಲಿ ಯಾರು ಏನು ಕೇಳುತ್ತಾರೆ, ಸಿಲಿಂಡರ್ ತಲೆಕೆಳಗು ಮಾಡಿದರು, ಅದೇ ಉರಿಯುವ ಗ್ಯಾಸು ತುಂಬಿದರು, ಓಡಿಹೋಗಿ ಕೊಳವೆ ಸೋರುತ್ತದೆ ಎಂದು ಹೇಳಿದೆ, ಅಂಗಡಿಯವನು ನಕ್ಕ, ಗಿರಾಕಿ ಹೋಯ್ತು ಅಂತ ಹೊಟ್ಟೆಕಿಚ್ಚಾ ಅಣ್ಣ ಅಂದ, ಚೆಲ್ಲತ್ತುರೈ ಅಣ್ಣ ಮುಖ ತಿರುಗಿಸಿ ಕಾರು ಹೊರಡಿಸಿದ.

ಹೊಸ ಗ್ಯಾಸನ್ನೇ ಸುಮ್ಮನೆ ತುಂಬಿ ಕಳಿಸಬಹುದಿತ್ತಲ್ಲ, ಈಗ ಹೊಳೆಯುತ್ತಿದೆ, ದರಿದ್ರ ತಲೆಗೆ ಈಗ, ಕಂಪ್ರೆಸರ್ ಹಾಳಾಗಿದ್ದರೆ ಹಾಳಾಗುತ್ತಿತ್ತು, ಬೈಸಿಕೊಳ್ಳುತ್ತಿದ್ದೆ, ಅದು ಉರಿಯುವುದಿಲ್ಲವಲ್ಲ, ಮಗು ಮನೆ ಸೇರುತ್ತಿತ್ತು — ಅರುಳಪ್ಪು ಅರೆಬರೆ ಕೆಲಸ ಮಾಡುವವನಲ್ಲ, ಆ ಜಂಬ, ಆ ಹಾಳು ಜಂಬ — ಅಣ್ಣನ ಫೋನು ಬಡಿದುಕೊಳ್ಳುತ್ತದೆ, ಎತ್ತುವುದಿಲ್ಲ, ನನ್ನ ಹೆಸರು ನೋಡಿಯೇ ಎತ್ತುವುದಿಲ್ಲ, ಆಸ್ಪತ್ರೆಗೆ ಹೋಗೋಣವೆಂದು ಸೈಕಲ್ ಏರುತ್ತೇನೆ, ಅಷ್ಟರಲ್ಲಿ ಅಗೋ ಬಂತು, ಎದುರಿನಿಂದ ಕಾರು, ಕೈ ಬೀಸುತ್ತೇನೆ, ನಿಲ್ಲಿಸು ಅಣ್ಣ, ನಿಲ್ಲಿಸುವುದಿಲ್ಲ, ಹಿಂದಿನ ಸೀಟಿನಲ್ಲಿ ಮಗಳು, ಮಡಿಲಲ್ಲಿ ಬಿಳಿ ಬಟ್ಟೆಯ ಗಂಟು, ಗಾಜೆಲ್ಲ ಏರಿಸಿದೆ, ಮುರುಗನ ಮುಂದೆ ಹೊಸ ಬತ್ತಿ, ಕೆಂಪು ಚುಕ್ಕಿ, ಕೆಂಪು ಚುಕ್ಕಿ