ಎಂಟನೇ ಕಲ್ಲು ಮತ್ತು ಖಂಡಪ್ಪನ ಸೈಲೆನ್ಸರ್

ಎಪ್ಪತ್ನಾಲ್ಕನೇ ಇಸವಿಯ ಪುಷ್ಯ ಮಾಸದಲ್ಲಿ ಟಿಕೋಟಾದ ಹಿರಿಯರು ಎರಡು ಸಂಜೆ ಕಟ್ಟೆಯ ಮೇಲೆ ಕೂತು ಚರ್ಚಿಸಿದರೂ ಬಗೆಹರಿಯದ ಒಂದು ಘನವಾದ ಪ್ರಶ್ನೆ ಇತ್ತು: ಖಂಡಪ್ಪನ ಗಾಡಿಯಲ್ಲಿ ಕೂತವರಿಗೆ ಆಕಳಿಕೆ ಏಕೆ ಬರುತ್ತದೆ?

ಆಕಳಿಕೆ ಯಾರಿಗೆ ಬರುವುದಿಲ್ಲ? ಪುರಾಣ ಹೇಳುವಾಗ ಬರುತ್ತದೆ, ಪುಢಾರಿಗಳ ಭಾಷಣದಲ್ಲಂತೂ ಕರೆಯದೆ ಬರುತ್ತದೆ. ಆದರೆ ಈ ಆಕಳಿಕೆ ಬಬಲೇಶ್ವರದ ಹಾದಿಯಲ್ಲಿ, ಎಂಟನೇ ಕಿಲೋಮೀಟರ್ ಕಲ್ಲಿನ ಹತ್ತಿರವೇ ಬರುತ್ತಿತ್ತು. ಮೊದಲು ಆಕಳಿಕೆ. ಆಮೇಲೆ ಹಣೆಗೆ ಹಗ್ಗ ಬಿಗಿದಂಥ ನೋವು. ಆಮೇಲೆ ಸೀಟಿನ ಕೆಳಗೆ ಯಾರೋ ಮುದುಕರು ಕೂತು ಉಸಿರಾಡಿದಂತೆ ಹುಸ್ಸ್, ಹುಸ್ಸ್ ಎಂಬ ಸಪ್ಪಳ. ಬಗ್ಗಿ ನೋಡಿದರೆ ಕಂಬಳಿ ಬಿಟ್ಟರೆ ಏನೂ ಇಲ್ಲ.

ಗಾಡಿ ಮಿಲಿಟರಿಯವರು ಹರಾಜು ಹಾಕಿದ ಹಳೆಯ ಪೆಟ್ರೋಲ್ ಪಿಕಪ್ಪು. ಮುಂದೆ ಮೂವರು, ಹಿಂದೆ ತೆರೆದ ಜಾಗದಲ್ಲಿ ಮೂವತ್ತು ಕುರಿ. ದಸರೆಯ ಹೊತ್ತಿಗೆ ಅದರ ಸೈಲೆನ್ಸರ್ ಕಲ್ಲಿಗೆ ಬಡಿದು ಮುರಿದು ಬಿದ್ದಿತ್ತು. ಬೇರೆಯವರಾದರೆ ಚಿಂತಿಸುತ್ತಿದ್ದರು. ಕುರಿ ಕಾಯ್ದು ಬೆಳೆದ ಖಂಡಪ್ಪನಿಗೆ ಅದು ಲಾಭವಾಗಿ ಕಂಡಿತು. "ಸಪ್ಪಳಾ ಇದ್ದಷ್ಟೂ ಚೊಲೋನ ಆತು. ಹಾದ್ಯಾಗ ಹಿಂಡು ಅಡ್ಡ ಬಂದ್ರ ಹಾರ್ನ್ ಹೊಡಿಯೂದ ಬ್ಯಾಡ, ಕುರಿ ತಾವ ಸರೀತಾವು" ಎಂದ. ಸೀಟಿನ ಕೆಳಗಿನ ತಗಡು ತುಕ್ಕು ಹಿಡಿದು ತೂತಾಗಿತ್ತು. ಅದರ ಮೇಲೆ ಒಂದು ಕರಿ ಕಂಬಳಿ ಹಾಸಿದ. ಉಣ್ಣೆಯ ವಾಸನೆ, ಕುರಿಯ ವಾಸನೆ. ಅದರೊಳಗೆ ಹೊಗೆಯ ವಾಸನೆ ಯಾರಿಗೆ ತಿಳಿಯಬೇಕು?

ಖಂಡಪ್ಪನ ಅಣ್ಣ ಅಮೋಘಿ ಮನೆದೇವರ ಪೂಜಾರಿ. ಅವನು ಎಂಟನೇ ಕಲ್ಲಿಗೆ ಭಂಡಾರದ ಅರಿಸಿನ ಹಚ್ಚಿ, ಕಾಯಿ ಒಡೆದು, ಕಣ್ಣು ಮುಚ್ಚಿ ಕೂತು ಎದ್ದ. "ಅದು ಹೊರಗಿಂದ ಒಳಗ ಬರತೈತಿ. ಕಿಡಕಿ ಮುಚ್ರಿ, ಸಂದಿ ಬಿಡಬ್ಯಾಡ್ರಿ" ಎಂದು ತೀರ್ಪು ಕೊಟ್ಟ. ಖಂಡಪ್ಪ ಹಳೆ ಕಂಬಳಿ ಹರಿದು ಕಿಡಕಿಯ ಸಂದಿಗೆಲ್ಲ ತುರುಕಿದ. ಹೆಂಡತಿ ಬೋರವ್ವ ನಿಂತು ನೋಡಿದಳು. ಅವಳ ಮನಸ್ಸಿಗೆ ಅದು ಸರಿ ಬರಲಿಲ್ಲ. ಆದರೆ ದೇವರ ಮಾತಿಗೆ ಎದುರಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

ಮಗಳು ತಾಯವ್ವ ಬಬಲೇಶ್ವರದಲ್ಲಿ ಗಂಡನ ಮನೆಯಲ್ಲಿದ್ದಳು. ಎಂಟು ತಿಂಗಳ ಬಸಿರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಬರುವ ಸೋಮವಾರ ಕರೆತರುವುದೆಂದು ಗೊತ್ತಾಗಿತ್ತು. ಅದಕ್ಕೆ ಮೊದಲೊಮ್ಮೆ ನೋಡಿ ಬರಲು ಬೋರವ್ವ, ಖಂಡಪ್ಪ, ಅಮೋಘಿ ಮೂವರೂ ಮುಂದೆ ಕೂತು ಹೊರಟರು. ಬೋರವ್ವನ ತಮ್ಮ ರಾಮಲಿಂಗ ಹಿಂದೆ ಕುರಿಗಳ ನಡುವೆ ನಿಂತ.

ಮಟಮಟ ಮಧ್ಯಾಹ್ನ. ಏಳನೇ ಕಲ್ಲು ದಾಟಿತು. ಬೋರವ್ವ ಆಕಳಿಸಿದಳು. ಬಿಸಿಲು ಬೆಳ್ಳಗಿತ್ತು, ಆದರೆ ದೂರ ದೂರ ಸರಿಯುತ್ತಿತ್ತು, ಯಾರೋ ಅದನ್ನು ಚಾಪೆಯಂತೆ ಸುತ್ತಿ ಒಯ್ಯುತ್ತಿರುವ ಹಾಗೆ. ಕಾಲ ಬುಡದಲ್ಲಿ ಹುಸ್ಸ್, ಹುಸ್ಸ್. ಪಕ್ಕದಲ್ಲಿ ಅಮೋಘಿ ಕಣ್ಣು ತೆರೆದೇ ಇದ್ದ, ಆದರೆ ರೆಪ್ಪೆ ಬಡಿಯುತ್ತಿರಲಿಲ್ಲ. "ಭಾವಾ" ಎನ್ನಬೇಕೆಂದಳು. ಬಾಯಿ ಅವಳ ಮಾತು ಕೇಳಲಿಲ್ಲ. ಗಂಡನ ಕೈ ಸ್ಟೇರಿಂಗಿನಿಂದ ನಿಧಾನವಾಗಿ, ಒಂದೊಂದೇ ಬೆರಳಾಗಿ ಜಾರುವುದನ್ನು ನೋಡಿದಳು. ಭಯವೂ ಆಗಲಿಲ್ಲ. ಭಯವಾಗದಿರುವುದೇ ವಿಚಿತ್ರ ಅನಿಸಿತು.

ಎಚ್ಚರವಾದಾಗ ಅವಳು ಜೋಳದ ಹೊಲದಲ್ಲಿ ಮಲಗಿದ್ದಳು. ಗಾಡಿ ಹಾದಿ ಬಿಟ್ಟು ದಂಟಿನ ನಡುವೆ ಹೊಕ್ಕು ನಿಂತಿತ್ತು. ರಾಮಲಿಂಗ ಬಾಗಿಲು ತೆರೆದು ಮೂವರನ್ನೂ ಎಳೆದು ಹಾಕಿದ್ದ. ಖಂಡಪ್ಪ ವಾಂತಿ ಮಾಡುತ್ತಿದ್ದ. ಅಮೋಘಿ ಆಕಾಶ ನೋಡುತ್ತ, "ನಾ ಎಲ್ಲಿ ಅದೀನಿ?" ಎಂದು ಕೇಳುತ್ತಿದ್ದ. ಪೂಜಾರಿಯೇ ಹಾಗೆ ಕೇಳಿದ ಮೇಲೆ ಉಳಿದವರು ಏನು ಹೇಳಬೇಕು?

ಬೋರವ್ವನಿಗೆ ಒಂದೇ ಯೋಚನೆ. ಬರುವ ಸೋಮವಾರ ಇದೇ ಸೀಟಿನ ಮೇಲೆ ತಾಯವ್ವ ಕೂಡಬೇಕು. ಹೋದರೆ ಹೋಗುವುದು ಒಂದು ಜೀವ ಅಲ್ಲ, ಎರಡು.

ಗಾಡಿಯನ್ನು ಎತ್ತು ಕಟ್ಟಿ ಊರಿಗೆ ಎಳೆಸಿದರು. ಮರುದಿನ ನೆರೆಮನೆಯ ನರ್ಸ್‌ಬಾಯಿ ರಾಜಬಿ ತಲೆನೋವಿನ ಗುಳಿಗೆ ಹಿಡಿದು ಬಂದಳು. ಬೋರವ್ವ ನಡೆದದ್ದನ್ನೆಲ್ಲ ಹೇಳಿದಳು. ರಾಜಬಿ ಕೇಳಿ, ರಾಮಲಿಂಗನ ಕಡೆ ತಿರುಗಿದಳು.

"ನಿನಗೇನಾತಪಾ?"

"ನನಗೇನಿಲ್ರಿ. ಥಂಡಿ ಹತ್ತಿತ್ತು ಅಷ್ಟ."

"ಕುರಿಗೆ?"

"ಕುರಿ ನನ್ನ ಧೋತರಾ ತಿಂದ್ವು. ಆರಾಮ ಅದಾವ್ರಿ."

"ಹಂಗಾರ ಖಂಡಪ್ಪಣ್ಣ, ನಿಮ್ಮ ಭೂತ ಭಾಳ ಮರ್ಯಾದಸ್ಥ ಐತಿ ಬಿಡ್ರಿ. ಮುಂದಿನ ಸೀಟಿನವ್ರನ್ನಷ್ಟ ಹಿಡಿತೈತಿ."

ಖಂಡಪ್ಪನಿಗೆ ಸಿಟ್ಟು ಬಂತು. "ಚ್ಯಾಷ್ಟಿ ಮಾಡಬ್ಯಾಡ್ರಿ ಬಾಯಿ. ಆ ಕಲ್ಲಿನ ಹಂತೇಕ ಮಂದಿ ಸತ್ತಾರ."

"ಕಲ್ಲು ಅಲ್ಲೇ ಇರ್ಲಿ. ಗಾಡಿ ಇಲ್ಲೇ ಅಂಗಳದಾಗ ನಿಲ್ಲಸ್ರಿ. ಹೆಂಗ ಮುಚ್ಚಿದ್ರಿ ಹಂಗ ಮುಚ್ರಿ. ಬೋರವ್ವಕ್ಕ, ಒಂದು ಕೋಳಿ ಕೊಡ್ರಿ."

ಚುಕ್ಕೆಕೋಳಿಯನ್ನು ಮುಂದಿನ ಸೀಟಿನ ಮೇಲೆ ಬಿಟ್ಟು, ಬಾಗಿಲು ಹಾಕಿ, ಇಂಜಿನ್ ಚಾಲೂ ಇಟ್ಟರು. ಎಲ್ಲರೂ ಹತ್ತು ಮಾರು ದೂರ ನಿಂತು ಗಾಜಿನೊಳಗೆ ನೋಡಿದರು. ಕೋಳಿ ಮೊದಲು ಯಜಮಾನನ ಠೀವಿಯಿಂದ ಅತ್ತ ಇತ್ತ ನಡೆಯಿತು. ಆಮೇಲೆ ನಿಂತಿತು. ಕೊಕ್ಕು ತೆರೆಯಿತು, ಮುಚ್ಚಿತು. ಯಾರೂ ಮುಟ್ಟಲಿಲ್ಲ, ಯಾರೂ ಹತ್ತಿರ ಇರಲಿಲ್ಲ. ಆದರೂ ಅದರ ಕತ್ತು, ಮೇಲಿಂದ ಯಾರೋ ಒಂದು ಬೆರಳಿಟ್ಟು ಒತ್ತಿದಂತೆ, ಮೆಲ್ಲಗೆ ಸೀಟಿಗೆ ತಾಗಿತು. ಅಂಗಳದ ತುಂಬ ಬಿಸಿಲು.

ರಾಜಬಿ ಸೆರಗು ಮೂಗಿಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಹೋಗಿ ಇಂಜಿನ್ ಬಂದ್ ಮಾಡಿ ಕೋಳಿಯನ್ನು ಗಾಳಿಗೆ ತಂದಳು. ಬಹಳ ಹೊತ್ತಿನ ಮೇಲೆ ಅದು ಒಂದು ಕಣ್ಣು ತೆರೆಯಿತು.

"ಈ ಅಂಗಳದಾಗ ಯಾವ ಕಲ್ಲೈತ್ರಿ?" ಎಂದಳು ರಾಜಬಿ. "ಪೆಟ್ರೋಲ್ ಹೊಗಿಯೊಳಗ ಒಂದು ವಿಷದ ಗಾಳಿ ಇರತೈತಿ. ಅದಕ್ಕ ಬಣ್ಣಿಲ್ಲ, ವಾಸನಿಲ್ಲ. ಸೈಲೆನ್ಸರ್ ಪೈಪ್ ಅದನ್ನ ಗಾಡಿ ಹಿಂದಕ ಒಯ್ದು ಬಿಡಬೇಕು. ನಿಮ್ಮ ಪೈಪು ಸೀಟಿನ ಬುಡಕ್ಕ ಮುರದೈತಿ, ಅಲ್ಲೇ ಉಸುರು ಬಿಡತೈತಿ. ನೀವು ಕಿಡಕಿ ಮುಚ್ಚಿ ಅದನ್ನ ಒಳಗ ಕೂಡಿ ಹಾಕೀರಿ. ಗಾಡಿ ತುಂಬಾಕ ಎಂಟು ಕಿಲೋಮೀಟರ್ ಬೇಕು. ಬಸುರಿ ಹೆಂಗಸು ಆ ಗಾಳಿ ಕುಡದ್ರ ಹೊಟ್ಟಿ ಒಳಗಿನ ಕೂಸಿಗೆ ತಾಯಿಗಿಂತ ಜಾಸ್ತಿ ತ್ರಾಸ."

ಅಮೋಘಿ ಕೋಳಿಯನ್ನೂ ಗಾಡಿಯನ್ನೂ ನೋಡಿದ. "ಸಂದಿ ಮುಚ್ಚು ಅಂದಾಂವ ನಾನ" ಎಂದ. ಆಮೇಲೆ ತಾನೇ ಹೋಗಿ ಕಂಬಳಿಯ ತುಂಡುಗಳನ್ನು ಒಂದೊಂದಾಗಿ ಕಿತ್ತು ಎಸೆದ.

"ತಗಡು ತಂತಿ ಸುತ್ತಿದ್ರ ಆಗೂದಿಲ್ಲೇನು?" ಎಂದ ಖಂಡಪ್ಪ, ಕೊನೆಯ ಪ್ರಯತ್ನವಾಗಿ.

ಬೋರವ್ವ ಅಂದಳು, "ಸುತ್ರಿ. ಸುತ್ತಿ ಮುಂದಿನ ಸೀಟಿಗೆ ನೀವೊಬ್ರ ಕುಂದರ್ರಿ. ನನ್ನ ಮಗಳು ಚಕ್ಕಡಿಯೊಳಗ ಬರತಾಳ."

ಖಂಡಪ್ಪ ಎರಡೂ ಕಿಡಕಿ ತೆರೆದುಕೊಂಡು ವಿಜಾಪುರದ ಹಾದಿ ಹಿಡಿದ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮಿಸ್ತ್ರಿ ಶಿವಶರಣಪ್ಪ ಗಾಡಿಯ ಕೆಳಗೆ ಮಲಗಿ ನೋಡಿ, ತುಕ್ಕಿನ ಪುಡಿ ಮುಖದಿಂದ ಒರೆಸಿಕೊಳ್ಳುತ್ತ ಎದ್ದ. ಹಳೆಯದನ್ನೇ ಬೆಸೆಯಲು ಬರುವುದೇ ಎಂದು ಖಂಡಪ್ಪ ಕೇಳಿದ. "ಹರದ ರೊಟ್ಟಿಗೆ ಹೊಲಿಗಿ ಹಾಕ್ತಾರೇನೋ ಮಾರಾಯಾ?" ಎಂದ ಶಿವಶರಣಪ್ಪ. ಇಂಜಿನಿನಿಂದ ಬಾಲದವರೆಗೆ ಹೊಸ ಪೈಪು, ಹೊಸ ಸೈಲೆನ್ಸರ್ ಕೂಡಿಸಿದ. ತೂತಿನ ತಗಡು ತೆಗೆದು ಹೊಸದು ಹಾಕಿದ. ಗಾಡಿ ಈಗ ಎಷ್ಟು ಸುಮ್ಮನಾಯಿತೆಂದರೆ ಖಂಡಪ್ಪ ಚಾಲೂ ಆಗಿಲ್ಲವೆಂದು ಎರಡು ಸಲ ಕೆಳಗಿಳಿದ.

ಓದುತ್ತಿರುವ ಅಣ್ಣಂದಿರೇ, ಕೇಳುತ್ತಿರುವ ಅಕ್ಕಂದಿರೇ, ನಿಮ್ಮೂರಲ್ಲೂ ಒಂದು ಹಳೆ ಗಾಡಿ ಇರುತ್ತದೆ. ಒಳಗೆ ಕೂತವರಿಗೆಲ್ಲ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಇಳಿದ ಮೇಲೆ ಕಡಿಮೆಯಾದರೆ, ಯಾವ ಕಲ್ಲನ್ನೂ ದೂರಬೇಡಿ. ಗಾಡಿಯ ಕೆಳಗೆ ಬಗ್ಗಿ ನೋಡಿ. ಕೋಳಿ ಇಟ್ಟು ಪರೀಕ್ಷೆ ಮಾಡುವುದೂ ಬೇಡ, ಅದು ಒಂದು ಸಲ ಆಗಿದೆ. ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಎಲ್ಲರನ್ನೂ ಗಾಳಿಗೆ ತನ್ನಿ. ತಲೆ ತಿರುಗಿದವರನ್ನು ದವಾಖಾನೆಗೆ ಒಯ್ಯಿರಿ. ಮುರಿದ ಸೈಲೆನ್ಸರನ್ನು ಕಟ್ಟಬೇಡಿ, ಬದಲಿಸಿ. ಮುಚ್ಚಿದ ಜಾಗದಲ್ಲಿ ಇಂಜಿನ್ ಚಾಲೂ ಇಡಬೇಡಿ.

ತಾಯವ್ವ ಸೋಮವಾರ ಮುಂದಿನ ಸೀಟಿನಲ್ಲಿ ಕೂತು ಟಿಕೋಟಾಕ್ಕೆ ಬಂದಳು. ಮಾಘ ಮಾಸದಲ್ಲಿ ಹೆತ್ತಳು. ಹೆಣ್ಣು ಮಗು, ಆರು ಪೌಂಡು.